ಡ್ರೈಯರ್‌ನ ಬಿಸಿಗಾಳಿಗೊಂದು ದಾರಿ

ಒದ್ದೆ ಬಟ್ಟೆ ಒಣಗಬೇಕಾದರೆ ಅದರಲ್ಲಿನ ನೀರು ಎಲ್ಲಿಗಾದರೂ ಹೋಗಲೇಬೇಕು. ಬಿಸಿಲಿಗೆ ಹರವಿದರೆ ಆ ಚಿಂತೆಯಿಲ್ಲ. ಬಟ್ಟೆ ಒಣಗಿಸುವ ಕೆಲಸ ಮನೆಯೊಳಕ್ಕೆ ಬಂದಾಗಲೇ ತಾಪತ್ರಯ ಶುರುವಾದದ್ದು.

1800ರ ಸುಮಾರಿಗೆ ಫ್ರಾನ್ಸಿನ ಪೋಶೋನ್ ಎಂಬಾತ ತೂತು ಕೊರೆದ ಪೀಪಾಯಿಗೆ ಬಟ್ಟೆ ತುಂಬಿ, ಬೆಂಕಿಯ ಮೇಲೆ ಕೈಯಲ್ಲಿ ತಿರುಗಿಸುವ ಸಾಧನ ಮಾಡಿದ. ಅಮೆರಿಕದ ಜೆ. ರಾಸ್ ಮೂರ್‌ಗೆ ಉತ್ತರ ಡಕೋಟದ ಕೊರೆಯುವ ಚಳಿಯೇ ಪ್ರೇರಣೆ. ಆತನ ಡ್ರಮ್ ವಿನ್ಯಾಸವನ್ನು 1938ರಲ್ಲಿ ವಿಸ್ಕಾನ್ಸಿನ್‌ನ ಹ್ಯಾಮಿಲ್ಟನ್ ಕಂಪನಿ ‘ಜೂನ್ ಡೇ’ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು. ಅದರ ಬಾಗಿಲಿಗೆ ಗಾಜು ಕೂರಿಸಿದವನು ವಿನ್ಯಾಸಕಾರ ಬ್ರೂಕ್ಸ್ ಸ್ಟೀವನ್ಸ್.

ಬಟ್ಟೆಯ ತೇವ ಹೊತ್ತ ಬಿಸಿಗಾಳಿಯನ್ನು ಮನೆಯಿಂದ ಹೊರಹಾಕಬೇಕು. ಡ್ರೈಯರ್ ಹೊರಗೋಡೆಗೆ ಒತ್ತಿಕೊಂಡಿದ್ದರೆ ಅದಕ್ಕೆ ನಾಲ್ಕಿಂಚು ಅಗಲದ ಗಿಡ್ಡ ಕೊಳವೆ ಸಾಕು. ಆದರೆ ಬಟ್ಟೆ ಹೊತ್ತು ನೆಲಮಾಳಿಗೆಗೆ ಇಳಿಯುವ ಶ್ರಮ ತಪ್ಪಿಸಲು ಅಮೆರಿಕನ್ನರು ಯಂತ್ರವನ್ನು ಮಹಡಿಗೆ, ಮನೆಯ ನಡುಭಾಗಕ್ಕೆ ತಂದರು. ಕೊಳವೆ ಗೋಡೆ, ಅಟ್ಟಗಳಲ್ಲಿ ಬಳಸಿಕೊಂಡು ಹೋಗಬೇಕಾಯಿತು. ಅಲ್ಲಿನ ಕಟ್ಟಡ ಸಂಹಿತೆ ಈಗ ಅದರ ಉದ್ದಕ್ಕೆ 35 ಅಡಿಯ ಮಿತಿ ಹಾಕಿದೆ. ಸಾಧಾರಣ 90 ಡಿಗ್ರಿ ತಿರುವೊಂದಕ್ಕೆ ಅದರಲ್ಲಿ 5 ಅಡಿ ಕಡಿತ. ಗಾಳಿಯ ವೇಗ ಕುಗ್ಗಿದಲ್ಲಿ ಬಟ್ಟೆಯಿಂದ ಉದುರಿದ ನೂಲಿನ ಧೂಳು ನಿಲ್ಲುತ್ತದೆ, ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ. 2008ರಿಂದ 2010ರವರೆಗೆ ಅಮೆರಿಕದ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿ ಅನಾಹುತಗಳಾದವು. ಮುಖ್ಯ ಕಾರಣ, ಶುಚಿ ಮಾಡದಿರುವುದು.

ಉದ್ದದ ಕೊಳವೆಯ ನಡುವೆ ಗಾಳಿಯನ್ನು ಎಳೆದು ಮುಂದೂಡುವ ಬೂಸ್ಟರ್ ಫ್ಯಾನ್ ಕೂರಿಸುವ ಪರಿಪಾಠ ಬಂದದ್ದು ಹೀಗೆ. ಅದನ್ನು ಓಡಿಸಲು ಗೋಡೆಯ ಸ್ವಿಚ್ಚನ್ನು ನಂಬುವಂತಿಲ್ಲ: ಹಾಕಲು ಮರೆತರೆ ಧೂಳು ಕಟ್ಟಿಕೊಳ್ಳುತ್ತದೆ, ಆರಿಸಲು ಮರೆತರೆ ಚಳಿಗಾಲದಲ್ಲಿ ಮನೆಯ ಬೆಚ್ಚನೆ ಗಾಳಿಯೂ ಹೊರಗೆ ಹೋಗುತ್ತದೆ. ಅದಕ್ಕೇ ಒತ್ತಡದ ಸ್ವಿಚ್. ಕೊಳವೆಗೆ ಜೋಡಿಸಿದ ಸಣ್ಣ ನಳಿಕೆಯ ತುದಿಯಲ್ಲಿ ತೆಳು ಪೊರೆ. ಡ್ರೈಯರ್ ಗಾಳಿ ದಬ್ಬಿದೊಡನೆ ಅದು ಬಾಗಿ ಫ್ಯಾನ್ ಚಾಲೂ ಆಗುತ್ತದೆ. ತೊಡಕಿರುವುದು ಅನಂತರ. ಫ್ಯಾನ್ ಎಳೆಯತೊಡಗಿದರೆ ಒತ್ತಡ ಇಳಿಯುತ್ತದೆ, ಡ್ರೈಯರ್ ನಿಂತಿತೆಂದು ಸ್ವಿಚ್ ತಪ್ಪು ತಿಳಿಯುತ್ತದೆ. ಪರಿಹಾರ ಬಲು ಸೊಗಸಾದದ್ದು: ಟೈಮರ್ ಫ್ಯಾನನ್ನು ಹತ್ತು ನಿಮಿಷದಷ್ಟು ಓಡಿಸಿ, ಕೊಂಚ ನಿಲ್ಲಿಸಿ, ಒತ್ತಡ ಇನ್ನೂ ಇದೆಯೇ ಎಂದು ಮತ್ತೆ ನೋಡುತ್ತದೆ.

ಆದರೆ ಅದೇ ಧೂಳು ನಳಿಕೆಯನ್ನೂ ಮುಚ್ಚಿಬಿಡಬಲ್ಲದು. ಹಾಗಾಗಿ ಡ್ರೈಯರ್‌ನ ವೈರಿನಲ್ಲಿ ಹರಿಯುವ ಕರೆಂಟನ್ನೇ ಗುರುತಿಸುವ ರಿಲೇಗಳೂ ಬಂದವು. ಈ ಫ್ಯಾನ್‌ಗಳ ಸುರಕ್ಷತೆಗೆ ಯುಎಲ್ 705 ಎಂಬ ಮಾನದಂಡವಿದೆ. ಯುರೋಪಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಹೀಟ್ ಪಂಪ್ ಡ್ರೈಯರ್‌ಗಳಿಗೆ ಈ ಕೊಳವೆಯೇ ಬೇಡ; ಆವಿಯನ್ನು ಒಳಗೇ ತಣಿಸಿ, ನೀರನ್ನಷ್ಟೇ ಬೇರ್ಪಡಿಸುತ್ತವೆ.