ಬಿಡುಗಡೆಯಾದವರ ಆಸರೆಮನೆ

ಸಜೆ ಮುಗಿಸಿ ಜೈಲಿನಿಂದ ಹೊರಬಂದವರು ತಮ್ಮದೇ ನೆಲೆ ಕಂಡುಕೊಳ್ಳುವವರೆಗೆ ನೆರವಿನೊಡನೆ ತಂಗುವ ಮನೆ. ಊಟ, ಹಾಸಿಗೆಯಷ್ಟೇ ಅಲ್ಲ, ಗುರುತಿನ ಚೀಟಿ ಮಾಡಿಸುವುದು, ಕೆಲಸ ಹುಡುಕಿಕೊಡುವುದು, ಕುಡಿತ ಬಿಡಿಸುವುದು, ಮುನಿದ ಮನೆಯವರೊಡನೆ ಮಾತಾಡುವುದೂ ಇದರ ಹೊಣೆ. ಬಿಡುಗಡೆಯಾದ ಹೆಂಗಸರಿಗಾಗಿ ನ್ಯೂಯಾರ್ಕಿನಲ್ಲಿ 1845ರಲ್ಲೇ ಇಂಥದೊಂದು ಮನೆ ತೆರೆಯಿತು.

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಈ ಕಲ್ಪನೆಗೆ ಹತ್ತಿರವಾದದ್ದು ಚೀಮೇನಿಯ ತೆರೆದ ಜೈಲು. ಆದರೆ ಅದು ಬಿಡುಗಡೆಗೆ ಮುಂಚಿನ ಮೆಟ್ಟಿಲು. ತಿರುವನಂತಪುರ ಜಿಲ್ಲೆಯ ನೆಟ್ಟುಕಾಲ್ತೇರಿಯಲ್ಲಿ 1962ರಲ್ಲಿ ಆರಂಭವಾದದ್ದರ ನಂತರ ಇದು ಕೇರಳದ ಎರಡನೆಯ ತೆರೆದ ಜೈಲು. ವಿಸ್ತೀರ್ಣ ಸುಮಾರು 300 ಎಕರೆ. ಕೇಂದ್ರ ಕಾರಾಗೃಹದಲ್ಲಿ ವರ್ಷಗಟ್ಟಲೆ ಕಳೆದು, ನಡತೆ ಒಳ್ಳೆಯದೆನಿಸಿಕೊಂಡವರನ್ನು ಇಲ್ಲಿಗೆ ಕಳಿಸುತ್ತಾರೆ. ಎತ್ತರದ ಗೋಡೆಯ ಕಾವಲಿಲ್ಲ. ಕೈದಿಯ ಮಾತಿನ ಮೇಲಿನ ನಂಬಿಕೆಯೇ ಬೇಲಿ. ಬಿಸಿಲಿಗೆ ಕಾದ ಗುಡ್ಡದಲ್ಲಿ ಮುರಕಲ್ಲು ಕಡಿಯುವುದು, ಆಡು ಸಾಕುವುದು, ತೋಟದ ಕೆಲಸ, ದುಡಿದದ್ದಕ್ಕೆ ಕೂಲಿ. ಬೀಗ ಹಾಕಿದ ಕೋಣೆಯಲ್ಲಿ ಹತ್ತು ವರ್ಷ ಕಳೆದವನಿಗೆ ತಾನೇ ಎದ್ದು ಕೆಲಸಕ್ಕೆ ಹೊರಡುವುದೂ ಮರಳಿ ಕಲಿಯಬೇಕಾದ ವಿದ್ಯೆ.

ತೆರೆದ ಜೈಲುಗಳ ಅಗತ್ಯವನ್ನು ಸುಪ್ರೀಂ ಕೋರ್ಟು 1996ರಲ್ಲಿ ಒತ್ತಿ ಹೇಳಿತು. ಆ ಮೊಕದ್ದಮೆಗೆ ಮೂಲ ಬೆಂಗಳೂರು ಕೇಂದ್ರ ಕಾರಾಗೃಹದ ಕೈದಿಯೊಬ್ಬರು ಬರೆದ ಪತ್ರ. ಕರ್ನಾಟಕದಲ್ಲಿ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಬಯಲು ಬಂದೀಖಾನೆಯಿದೆ. ರಾಜಸ್ಥಾನದ ಸಾಂಗಾನೇರಿನಲ್ಲಿ ಕೈದಿಗಳು ಹೆಂಡತಿ ಮಕ್ಕಳೊಡನೆ ಸಂಸಾರ ಹೂಡಿಕೊಂಡೇ ಇರುತ್ತಾರೆ, ಪೇಟೆಗೆ ಹೋಗಿ ದುಡಿಯುತ್ತಾರೆ.

ಹೊರಬಂದ ಮೇಲಿನ ಆಸರೆ ಕೇರಳದಲ್ಲಿ ಮುಖ್ಯವಾಗಿ ಸಾಮಾಜಿಕ ನ್ಯಾಯ ಇಲಾಖೆಯ ಜಿಲ್ಲಾ ಪ್ರೊಬೇಷನ್ ಅಧಿಕಾರಿಯ ಪಾಲಿಗೆ ಬರುತ್ತದೆ. ಸ್ವಂತ ಉದ್ಯೋಗಕ್ಕೆ ಸಹಾಯಧನವೂ ಉಂಟು. 2016ರ ಮಾದರಿ ಜೈಲು ಕೈಪಿಡಿಯಲ್ಲಿ ಪುನರ್ವಸತಿಗೆ ಒಂದು ಅಧ್ಯಾಯವೇ ಇದೆ. ಜೈಲು ರಾಜ್ಯಪಟ್ಟಿಯ ವಿಷಯವಾದ್ದರಿಂದ ಅದರ ಜಾರಿ ಆಯಾ ರಾಜ್ಯಕ್ಕೆ ಬಿಟ್ಟದ್ದು.

ಮನೆಯ ಪ್ರಶ್ನೆ ಬಿಡುಗಡೆಗೂ ಮುಂಚೆಯೇ ಎದುರಾಗುತ್ತದೆ. ಕೈದಿಯನ್ನು ಅವಧಿಗೆ ಮುನ್ನ ಬಿಡುವ ಮೊದಲು ಪ್ರೊಬೇಷನ್ ಅಧಿಕಾರಿ ಊರಿಗೆ ಹೋಗಿ ವಿಚಾರಿಸುತ್ತಾರೆ: ಮನೆಯವರು ಸೇರಿಸಿಕೊಳ್ಳುವರೇ, ನೆರೆಯವರ ಅಭಿಪ್ರಾಯವೇನು? ತಾಯಿ ತೀರಿಕೊಂಡು, ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವವರು ಯಾರು? ಅಂಥ ಕೈದಿಗಳ ಬಿಡುಗಡೆ ಅರ್ಜಿಯ ಜೊತೆ ಆಸರೆಮನೆಯೊಂದರ ವಿಳಾಸ ಇಡಲು ಸಾಧ್ಯವಾದರೆ ಅಧಿಕಾರಿಯ ವರದಿಯ ಧಾಟಿಯೇ ಬದಲಾದೀತು.