ಎಂಜಿನ್ ಬದಲಿಯೂ ಆಯಿಲ್ ಪ್ರೆಶರ್ ಮುಳ್ಳೂ

ಆರಂಭಕಾಲದ ಹಲವು ಮೋಟಾರು ಎಂಜಿನ್‌ಗಳಲ್ಲಿ ಅಳೆಯುವುದಕ್ಕೆ ಆಯಿಲ್ ಪ್ರೆಶರೇ ಇರಲಿಲ್ಲ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಆಯಿಲ್ ಪಂಪು ಇರಲಿಲ್ಲ. ಫ್ಲೈವ್ಹೀಲ್ ಎಣ್ಣೆಯನ್ನು ಮೇಲಕ್ಕೆ ಎರಚುತ್ತಿತ್ತು, ಅದು ಕೊಳವೆಯಲ್ಲಿ ಮುಂಭಾಗಕ್ಕೆ ಇಳಿಯುತ್ತಿತ್ತು, ಕನೆಕ್ಟಿಂಗ್ ರಾಡುಗಳು ಕೆಳಗಿನ ಗುಂಡಿಗಳಲ್ಲಿ ಮುಳುಗೇಳುತ್ತ ಸುತ್ತಲೂ ಸಿಡಿಸುತ್ತಿದ್ದವು. ಎಣ್ಣೆ ಎಷ್ಟಿದೆಯೆಂದು ತಿಳಿಯಲು ಕಾರಿನಡಿಗೆ ಬಗ್ಗಿ ಎರಡು ಪುಟ್ಟ ನಲ್ಲಿಗಳನ್ನು ತಿರುಗಿಸಿ ನೋಡಬೇಕಿತ್ತು. ಬೇರಿಂಗಿಗೆ ಪಂಪಿನಿಂದ ಒತ್ತಿ ಎಣ್ಣೆ ಉಣಿಸುವ ಕ್ರಮವನ್ನು ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ರೂಪಿಸಿದ್ದ. ಆ ಒತ್ತಡವನ್ನು ತೋರಿಸುವ ಸಾಧನ ಅದಕ್ಕಿಂತಲೂ ಹಳೆಯದು: ಫ್ರಾನ್ಸಿನ ಯೂಜೀನ್ ಬೂರ್ಡಾನ್ 1849ರಲ್ಲಿ ಪೇಟೆಂಟ್ ಪಡೆದ, ಒತ್ತಡ ಏರಿದಂತೆ ನೆಟ್ಟಗಾಗುವ ಬಾಗಿದ ಚಪ್ಪಟೆ ಕೊಳವೆ.

ಎರಡೂ ಕ್ರಮಗಳು ದಶಕಗಳ ಕಾಲ ಜೊತೆಜೊತೆಗೆ ನಡೆದವು. ಮುಂದಿನ ಗೊಂದಲಕ್ಕೆ ಇದೂ ಒಂದು ಮೂಲ. 1929ರಲ್ಲಿ ಬಂದ ಷೆವ್ರೊಲೆಟ್ ಆರು ಸಿಲಿಂಡರಿನ ಎಂಜಿನ್ನಿನಲ್ಲಿ ಮೇನ್ ಬೇರಿಂಗುಗಳಿಗೆ ಪಂಪಿನ ಎಣ್ಣೆ ಹೋಗುತ್ತಿತ್ತು, ರಾಡುಗಳಿಗೆ ಸಿಡಿತವೇ ಗತಿ. ಹಾಗಾಗಿ ಅದರ ಗೇಜು ಚದರ ಇಂಚಿಗೆ 30 ಪೌಂಡಿಗೇ ಮುಗಿಯುತ್ತಿತ್ತು. 14 ಪೌಂಡಿನ ಆಸುಪಾಸಿನಲ್ಲಿ ನಿಂತ ಮುಳ್ಳು ಆರೋಗ್ಯದ ಲಕ್ಷಣವೇ ಆಗಿತ್ತು. ಆ ಕಂಪನಿ ಪವರ್‌ಗ್ಲೈಡ್ ಎಂಬ ಆಟೊಮ್ಯಾಟಿಕ್ ಗೇರಿನ ಕಾರುಗಳಿಗೆ 1953ರಲ್ಲಿ, ಉಳಿದ ಕಾರುಗಳಿಗೆ 1954ರಲ್ಲಿ ಪೂರ್ಣ ಒತ್ತಡದ ಕ್ರಮವನ್ನು ತಂದಿತು.

ಅಷ್ಟರಲ್ಲಿ ಅಮೆರಿಕದಲ್ಲಿ, ವಿಶೇಷವಾಗಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ಎಂಜಿನ್ ಬದಲಿಸುವುದು ಒಂದು ಗೀಳಾಗಿ ಬೆಳೆದಿತ್ತು. 1932ರ ಫೋರ್ಡ್ ವಿ8 ಎಂಜಿನ್ನನ್ನು ಹಳೆಯ ಮಾಡೆಲ್ ಎ ಕಾರಿಗೆ ಕೂರಿಸುವುದು ಆ ಕಾಲದ ನೆಚ್ಚಿನ ಕೆಲಸ. ಮಾಡೆಲ್ ಎ ಡ್ಯಾಷ್‌ಬೋರ್ಡಿನಲ್ಲಿ ಆಯಿಲ್ ಪ್ರೆಶರ್ ಗೇಜು ಇಲ್ಲದ್ದರಿಂದ ಅದನ್ನೂ ಹೊಸದಾಗಿ ತಂದು ಹಾಕಬೇಕಿತ್ತು. 1955ರಲ್ಲಿ ಷೆವ್ರೊಲೆಟ್‌ನ 265 ಘನ ಇಂಚಿನ ವಿ8 ಬಂದ ಮೇಲೆ ಹಗುರವಾದ, ಅಗ್ಗವಾದ ಆ ಎಂಜಿನ್ ಎಲ್ಲ ಬಗೆಯ ಕಾರುಗಳಿಗೂ ಏರಿತು. ಹಳೆಯ 30 ಪೌಂಡಿನ ಗೇಜಿನಲ್ಲಿ ಅದರ ಮುಳ್ಳು ಹೆಚ್ಚಾಗಿ ತುದಿಗೆ ತಗುಲಿಕೊಂಡಿರುತ್ತಿತ್ತು. ಮುಳ್ಳು ಏಳದೇ ಹೋದರೆ ಮಾತ್ರ ಅನುಮಾನ ಟೈಮಿಂಗ್ ಚೈನಿನ ಕವರಿನ ಹಿಂದಕ್ಕೆ ಹೋಗುತ್ತಿತ್ತು. ಎಣ್ಣೆ ದಾರಿಗಳ ಬಾಯಿ ಮುಚ್ಚುವ ಸಣ್ಣ ಪ್ಲಗ್ಗುಗಳು ಅಲ್ಲಿವೆ. ಬ್ಲಾಕು ತೊಳೆಯಲು ತೆಗೆದವರು ಒಂದನ್ನು ಮರೆತರೂ ಪಂಪು ತಳ್ಳಿದ ಎಣ್ಣೆ ಬೇರಿಂಗ್ ತಲುಪದೆ ಕೆಳಗಿನ ಎಣ್ಣೆ ಚೇಂಬರಿಗೇ ಮರಳುತ್ತದೆ. ಪಂಪು ಕೊಡುವುದು ಹರಿವನ್ನು. ಆ ಹರಿವಿಗೆ ಬೇರಿಂಗುಗಳ ಕಿರು ಸಂದು ಒಡ್ಡುವ ತಡೆಯೇ ಒತ್ತಡ. ತಡೆ ಎಲ್ಲಿ ತಪ್ಪಿತೆಂದು ಹುಡುಕುವುದೇ ಈ ಪತ್ತೆಕೆಲಸದ ತಿರುಳು.

ಗೇಜು ವಿದ್ಯುತ್ತಿಗೆ ಬದಲಾದ ಮೇಲೆ ಸುಳ್ಳು ಹೇಳಲು ಅದಕ್ಕೆ ಹೊಸ ದಾರಿಗಳು ಸಿಕ್ಕವು. ಎಂಜಿನ್ನಿಗೆ ತಿರುಗಿಸಿ ಕೂರಿಸುವ ಸೆಂಡರ್ ಒತ್ತಡಕ್ಕೆ ತಕ್ಕಂತೆ ತನ್ನ ರೋಧವನ್ನು ಬದಲಿಸುತ್ತದೆ, ಗೇಜು ಅದನ್ನು ಪೌಂಡಾಗಿ ತೋರಿಸುತ್ತದೆ. ಆದರೆ ಈ ಅಳತೆ ಎಲ್ಲರಿಗೂ ಒಂದೇ ಆಗಲಿಲ್ಲ. ಜನರಲ್ ಮೋಟರ್ಸ್‌ನದು ಸೊನ್ನೆಯಿಂದ 90 ಓಮ್. ಸ್ಟೀವರ್ಟ್ ವಾರ್ನರ್ ಸಂಪ್ರದಾಯದಲ್ಲಿ ಅದು ತಲೆಕೆಳಗು, 240ರಿಂದ 33ಕ್ಕೆ ಇಳಿಯುತ್ತದೆ. ಜರ್ಮನಿಯ ವಿಡಿಒದು 10ರಿಂದ 180. ಮೊದಲನೆಯದರ ಗೇಜಿಗೆ ಎರಡನೆಯದರ ಸೆಂಡರ್ ಜೋಡಿಸಿದರೆ, ಎಂಜಿನ್ ನಿಂತಿರುವಾಗ ಕೀಲಿ ತಿರುಗಿಸಿದೊಡನೆ ಮುಳ್ಳು ಮೇಲೇರಿ, ಎಂಜಿನ್ ಓಡತೊಡಗಿ ಒತ್ತಡ ಏರಿದಂತೆ ಕೆಳಗಿಳಿಯುತ್ತದೆ. ಒಂದೇ ತಂತಿಯ ಸೆಂಡರಿಗೆ ಬ್ಲಾಕೇ ಅರ್ತ್. ಥ್ರೆಡ್ಡಿಗೆ ಸುತ್ತಿದ ಟೇಪು ಆ ಸಂಪರ್ಕ ತಪ್ಪಿಸಿದರೆ ಸ್ಟೀವರ್ಟ್ ವಾರ್ನರ್ ಬಗೆಯ ಗೇಜು ಸೊನ್ನೆಯಲ್ಲೇ ಉಳಿಯುತ್ತದೆ. ಫೋರ್ಡ್ 1980ರ ದಶಕದ ಕೊನೆಯಿಂದ ಹಲವು ವಾಹನಗಳಲ್ಲಿ ಇನ್ನೂ ಜಾಣತನ ತೋರಿತು: ಸೆಂಡರಿನ ಜಾಗದಲ್ಲಿ ಬರೀ ಸ್ವಿಚ್ಚು. ಆರೇಳು ಪೌಂಡ್ ಬಂದರೆ ಸಾಕು, ಮುಳ್ಳು ನಡುವಿಗೆ ಬಂದು ಕದಲದೆ ನಿಲ್ಲುತ್ತದೆ. ಮಾಲೀಕನಿಗೆ ಅದು ನೆಮ್ಮದಿ, ಮೆಕ್ಯಾನಿಕ್ಕಿಗೆ ನಿರುಪಯೋಗಿ.

ಹಾಗಾಗಿಯೇ ಎಂಜಿನ್ ಬದಲಿಸಿದವರು ಮೊದಲು ಸೆಂಡರ್ ಬಿಚ್ಚಿ, ಅದೇ ತೂತಿಗೆ ಬೂರ್ಡಾನ್ ಕೊಳವೆಯ ಯಾಂತ್ರಿಕ ಗೇಜು ಹಾಕಿ ನೋಡುವುದು ರೂಢಿಯಾಯಿತು. ಅದೂ ಕಡಿಮೆ ತೋರಿದರೆ ಮಾತ್ರ ಚೇಂಬರ್ ಬಿಚ್ಚುವ ಮಾತು.

1997ರಲ್ಲಿ ಷೆವ್ರೊಲೆಟ್‌ನ ಕಾರ್ವೆಟ್ ಕಾರಿನೊಡನೆ ಬಂದ ಎಲ್ಎಸ್1 ಎಂಜಿನ್ನೂ ಅದರ ವಂಶದವೂ ಈ ಕಥೆಗೆ ಹೊಸ ಅಧ್ಯಾಯ ಸೇರಿಸಿದವು. ಹಳೆಯ ಕಾರಿನ ಚೌಕಟ್ಟಿಗೆ ಹೊಂದಲೆಂದು ಚೇಂಬರನ್ನೂ ಎಣ್ಣೆ ಹೀರುವ ಸ್ಟ್ರೈನರ್ ಕೊಳವೆಯನ್ನೂ ಬದಲಿಸುವಾಗ, ಕೊಳವೆ ಪಂಪಿಗೆ ಸೇರುವಲ್ಲಿನ ಓ-ರಿಂಗ್ ಹರಿಯುವುದು, ಮಡಚಿಕೊಳ್ಳುವುದು, ತಪ್ಪು ಅಳತೆಯದಾಗುವುದು ತೀರಾ ಸಾಮಾನ್ಯ. ಆಗ ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ಹೀರುತ್ತದೆ. ಬ್ಲಾಕಿನ ಹಿಂಭಾಗದಲ್ಲಿ, ಎಣ್ಣೆಯನ್ನು ಫಿಲ್ಟರಿನತ್ತ ತಿರುಗಿಸುವ ಡಂಬೆಲ್ ಆಕಾರದ ಪ್ಲಗ್ಗು ಮರೆತುಹೋಗುವುದೂ ಉಂಟು. ಈ ಎಂಜಿನ್ನಿಗೆ ತಯಾರಕರು ಹೇಳುವ ಕನಿಷ್ಠ ಒತ್ತಡ ಬಿಸಿಯಾದಾಗ ನಿಮಿಷಕ್ಕೆ 1000 ಸುತ್ತಿಗೆ 6 ಪೌಂಡ್, 2000ಕ್ಕೆ 18, 4000ಕ್ಕೆ 24. ಸಾವಿರ ಸುತ್ತಿಗೆ ಹತ್ತು ಪೌಂಡ್ ಎಂಬ ಗ್ಯಾರೇಜಿನ ಲೆಕ್ಕಕ್ಕಿಂತ ಇದು ಸಡಿಲ; ಆ ಲೆಕ್ಕ ನಂಬಿ ಸರಿಯಿದ್ದ ಎಂಜಿನ್ ಬಿಚ್ಚಿದವರೂ ಇದ್ದಾರೆ. ಇವೆಲ್ಲ ಸರಿಯಿದ್ದು, ತಣ್ಣಗಿದ್ದಾಗ ಚೆನ್ನಾಗಿದ್ದ ಮುಳ್ಳು ಬಿಸಿಯಾದ ಮೇಲೆ ಆ ಕನಿಷ್ಠಕ್ಕಿಂತ ಇಳಿದರೆ ಬೇರಿಂಗುಗಳ ಸಂದು ಸವೆದು ಅಗಲವಾಗಿದೆಯೆಂದೇ ಹೆಚ್ಚಾಗಿ ಅರ್ಥ. ದಪ್ಪ ಎಣ್ಣೆ ಸುರಿದರೆ ಮುಳ್ಳು ಏರುತ್ತದೆ, ಸಂದು ಹಾಗೆಯೇ ಇರುತ್ತದೆ.