ಒಂದು ಗುಟುಕಿನ ಹಬ್ಬ: ಡೆನ್ವರ್ ಬಿಯರ್ ಮೇಳದ ಚರಿತ್ರೆ, ಹೋಗುವವರಿಗೆ ಒಂದಿಷ್ಟು ಕಿವಿಮಾತು

ಇವತ್ತಿನ ವಿಷಯ ನಾನು ಆರಿಸಿದ್ದಲ್ಲ, ಪುಣೆಯ ವೀಕ್ಷಕರೊಬ್ಬರು ಕೊಟ್ಟಿದ್ದು. ಅವರ ಮಗಳು ಅಳಿಯ ಅಮೆರಿಕದ ಕೊಲರಾಡೋ ರಾಜ್ಯದಲ್ಲಿದ್ದಾರೆ. ಇವರು ಅಲ್ಲಿಗೆ ಹೋಗೋ ಸಮಯಕ್ಕೆ ಸರಿಯಾಗಿ ಡೆನ್ವರ್‌ನಲ್ಲಿ ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್ ಇದೆಯಂತೆ. ಅಳಿಯ ಮಾವನಿಗೂ ಸೇರಿಸಿ ಟಿಕೆಟ್ ತೆಗೆದಿಟ್ಟಿದ್ದಾನೆ. "ಸರ್, ನಾನು ಯಾವಾಗಲೋ ಒಮ್ಮೆ ಒಂದು ಗ್ಲಾಸ್ ಕುಡಿಯೋನು. ಅಳಿಯನ ಮುಂದೆ ಮರ್ಯಾದೆ ಕಳ್ಕೊಳ್ಳದೆ ವಾಪಸ್ ಬರೋದು ಹೇಗೆ?" ಅಂತ ಬರೆದಿದ್ದಾರೆ.

ಕಿವಿಮಾತಷ್ಟೇ ಬೇಕಾದರೆ ಐದು ನಿಮಿಷದಲ್ಲಿ ಹೇಳಿಬಿಡಬಹುದು. ನೀರು ಕುಡೀರಿ, ಊಟ ಮಾಡ್ಕೊಂಡು ಹೋಗಿ, ಪಟ್ಟಿ ಮಾಡ್ಕೊಳ್ಳಿ. ಆದರೆ ಈ ಮೇಳ ಯಾಕೆ ಹುಟ್ಟಿತು ಅನ್ನೋದು ಗೊತ್ತಾದರೆ ಅಲ್ಲಿ ಹೇಗೆ ನಡೆದುಕೊಳ್ಳಬೇಕು ಅನ್ನೋದು ತಾನಾಗಿಯೇ ಹೊಳೆಯುತ್ತೆ. ಅದಕ್ಕೇ ಮೊದಲು ಕಥೆ.

19ನೇ ಶತಮಾನದ ಅಮೆರಿಕದಲ್ಲಿ ಊರೂರಿಗೂ ಬಿಯರ್ ಭಟ್ಟಿಗಳಿದ್ದವು. 1870ರ ದಶಕದಲ್ಲಿ ಅವುಗಳ ಸಂಖ್ಯೆ 4,000 ದಾಟಿತ್ತು. ಜರ್ಮನಿಯಿಂದ ಬಂದವರು ತಮ್ಮ ರೀತಿಯಲ್ಲಿ, ಇಂಗ್ಲೆಂಡಿನಿಂದ ಬಂದವರು ತಮ್ಮ ರೀತಿಯಲ್ಲಿ ಮಾಡುತ್ತಿದ್ದರು. ಆಮೇಲೆ 1920ರಲ್ಲಿ ಇಡೀ ದೇಶಕ್ಕೆ ಪಾನನಿಷೇಧ ಬಂತು. ಅದು ತೆಗೆದದ್ದು 1933ರಲ್ಲಿ. ಆ 13 ವರ್ಷದಲ್ಲಿ ಸಣ್ಣ ಭಟ್ಟಿಗಳು ಬಹುತೇಕ ಮುಚ್ಚಿದವು. ಉಳಿದವನ್ನು ದೊಡ್ಡ ಕಂಪನಿಗಳು ಒಂದೊಂದಾಗಿ ಕೊಂಡವು, ಇಲ್ಲವೇ ಪೈಪೋಟಿಯಲ್ಲಿ ಮುಗಿಸಿದವು. 1970ರ ದಶಕದ ಕೊನೆಗೆ ಅಷ್ಟು ದೊಡ್ಡ ದೇಶದಲ್ಲಿ ನೂರು ಭಟ್ಟಿಗಳೂ ಇರಲಿಲ್ಲ. ಎಲ್ಲಿ ಹೋದರೂ ಅದೇ ತಿಳಿ ಹಳದಿ ಬಣ್ಣ, ಅದೇ ತೆಳು ರುಚಿ. ನಮ್ಮಲ್ಲಿ ಊರೂರಿನ ಭತ್ತದ ತಳಿಗಳೆಲ್ಲ ಹೋಗಿ ಅಂಗಡಿಯಲ್ಲಿ ಒಂದೇ ಪಾಲಿಶ್ ಅಕ್ಕಿ ಉಳಿದರೆ ಹೇಗಿರುತ್ತೋ, ಹಾಗೆ.

ಇನ್ನೊಂದು ವಿಚಿತ್ರ ನೋಡಿ. ಪಾನನಿಷೇಧ ಹೋದಾಗ ಮನೆಯಲ್ಲಿ ಸ್ವಂತಕ್ಕೆ ವೈನ್ ಮಾಡಿಕೊಳ್ಳೋಕೆ ದಾರಿ ಸಿಕ್ಕಿತು, ಬಿಯರ್ ಮಾಡಿಕೊಳ್ಳೋಕೆ ಸಿಗಲಿಲ್ಲ. ಅದನ್ನು ಸರಿಪಡಿಸಿದ ಮಸೂದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು 1978ರ ಅಕ್ಟೋಬರ್‌ನಲ್ಲಿ. ಅದೇ ವರ್ಷ ಕೊಲರಾಡೋದ ಬೌಲ್ಡರ್ ಎಂಬ ಊರಿನಲ್ಲಿ ಚಾರ್ಲಿ ಪಪಾಜಿಯನ್ ತನ್ನ ಗೆಳೆಯ ಚಾರ್ಲಿ ಮ್ಯಾಟ್ಜನ್ ಜೊತೆ ಸೇರಿ ಮನೆಯಲ್ಲಿ ಬಿಯರ್ ಮಾಡುವವರ ಸಂಘವೊಂದನ್ನು ಕಟ್ಟಿದರು. ಪಪಾಜಿಯನ್ ಓದಿದ್ದು ನ್ಯೂಕ್ಲಿಯರ್ ಎಂಜಿನಿಯರಿಂಗ್, ಮಾಡುತ್ತಿದ್ದದ್ದು ಚಿಕ್ಕ ಮಕ್ಕಳಿಗೆ ಮೇಷ್ಟ್ರ ಕೆಲಸ. ಜೊತೆಗೆ ಊರಿನವರಿಗೆ ಬಿಯರ್ ಮಾಡೋದು ಹೇಳಿಕೊಡುತ್ತಿದ್ದರು.

ಮೇಳದ ಯೋಚನೆ ಬಂದದ್ದು ಇಂಗ್ಲೆಂಡಿನಿಂದ. ಅಲ್ಲೂ ದೊಡ್ಡ ಕಂಪನಿಗಳ ಹಾವಳಿ ಶುರುವಾದಾಗ, ಪೀಪಾಯಿಯಲ್ಲೇ ಹದವಾಗುವ ಹಳೆಯ ಬಗೆಯ ಏಲ್ ಉಳಿಸಬೇಕು ಅಂತ 1971ರಲ್ಲಿ ಕಾಮ್ರಾ ಅನ್ನೋ ಗ್ರಾಹಕರ ಸಂಘಟನೆ ಹುಟ್ಟಿತು. 1977ರಲ್ಲಿ ಅವರು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ ಗ್ರೇಟ್ ಬ್ರಿಟಿಷ್ ಬಿಯರ್ ಫೆಸ್ಟಿವಲ್ ನಡೆಸಿದರು. ಮುಂದೆ ಆ ಮೇಳ ನೋಡಿದ ಪಪಾಜಿಯನ್‌ಗೆ ನಮ್ಮಲ್ಲೂ ಇಂಥದ್ದು ಮಾಡಬೇಕು ಅನ್ನಿಸಿತು. ಬಿಯರ್ ಬಗ್ಗೆ ಬರೆಯುತ್ತಿದ್ದ ಮೈಕೆಲ್ ಜಾಕ್ಸನ್ ಹತ್ತಿರ ಹೇಳಿದರು. ಹಾಡುಗಾರ ಅಲ್ಲ, ಇವರು ಅದೇ ಹೆಸರಿನ ಇಂಗ್ಲಿಷ್ ಲೇಖಕರು. ಯೋಚನೆಯೇನೋ ಚೆನ್ನಾಗಿದೆ, ಆದರೆ ಅಲ್ಲಿ ಹಂಚೋಕೆ ನಿಮ್ಮಲ್ಲಿ ಬಿಯರ್ ಎಲ್ಲಿದೆ ಎಂಬರ್ಥದ ಮಾತು ಅವರಿಂದ ಬಂತು ಅಂತ ಪಪಾಜಿಯನ್ ಮುಂದೆ ನೆನಪಿಸಿಕೊಂಡಿದ್ದಾರೆ.

ತಮಾಷೆಯಾದರೂ ಪ್ರಶ್ನೆ ಸುಳ್ಳಲ್ಲ. 1982ರ ಜೂನ್‌ನಲ್ಲಿ ಬೌಲ್ಡರ್‌ನ ಒಂದು ಹೋಟೆಲಿನಲ್ಲಿ ಮೊದಲ ಮೇಳ ನಡೆಯಿತು. 24 ಭಟ್ಟಿಗಳು, 47 ಬಿಯರ್, ಸುಮಾರು 800 ಜನ. ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಸೇರೋವಷ್ಟೇ ಜನ ಅಂದ್ಕೊಳ್ಳಿ. ಅದೇ ವರ್ಷದ ಕೊನೆಗೆ ಕ್ಯಾಲಿಫೋರ್ನಿಯಾದ ನ್ಯೂ ಆಲ್ಬಿಯನ್ ಬಾಗಿಲು ಹಾಕಿತು. ಜ್ಯಾಕ್ ಮೆಕಾಲಿಫ್ 1976ರಲ್ಲಿ ಶುರುಮಾಡಿದ ಈ ಪುಟ್ಟ ಭಟ್ಟಿಯನ್ನೇ ಇವತ್ತಿನ ಕ್ರಾಫ್ಟ್ ಬಿಯರ್‌ನ ಮೊದಲ ಮನೆ ಅಂತ ಹೇಳೋದು. ರುಚಿ ಇತ್ತು, ಹೆಸರಿತ್ತು, ಆದರೆ ಬಂಡವಾಳ ಸಾಲಲಿಲ್ಲ. ಅಂದರೆ ಮೇಳ ಶುರುವಾದಾಗ ಅದು ಮೋಜಿನ ಮಾತಷ್ಟೇ ಆಗಿರಲಿಲ್ಲ. ಸಣ್ಣದಾಗಿ ಮಾಡುವವನ ಬಿಯರ್ ಒಮ್ಮೆ ಜನರ ನಾಲಗೆಗೆ ತಾಗಲಿ, ಅವನ ಮುಖವನ್ನೂ ಜನ ನೋಡಲಿ ಅನ್ನೋದು ಅದರ ಉದ್ದೇಶ. ಹೊಟ್ಟೆ ತುಂಬಿಸೋದಲ್ಲ, ಪರಿಚಯ ಮಾಡಿಸೋದು.

ಈ ಒಂದು ಮಾತು ನೆನಪಿಟ್ಟುಕೊಂಡು ಇವತ್ತಿನ ಮೇಳದ ಒಳಗೆ ಹೋಗೋಣ.

ಮೇಳ 1984ರಲ್ಲಿ ಡೆನ್ವರ್‌ಗೆ ಬಂತು. ಜೊತೆಗೆ ಊರೂ ಬದಲಾಯಿತು. ಕೆಲಸ ಕಳೆದುಕೊಂಡ ಭೂವಿಜ್ಞಾನಿ ಜಾನ್ ಹಿಕೆನ್‌ಲೂಪರ್ 1988ರಲ್ಲಿ ಗೆಳೆಯರೊಂದಿಗೆ ಅಲ್ಲಿನ ಯೂನಿಯನ್ ಸ್ಟೇಷನ್ ಎದುರು ವಿನ್‌ಕೂಪ್ ಅನ್ನೋ ಬ್ರೂಪಬ್ ತೆರೆದರು. ಮುಂದೆ ಅವರೇ ನಗರದ ಮೇಯರ್ ಆದರು, ರಾಜ್ಯದ ಗವರ್ನರ್ ಆದರು. ಕೋವಿಡ್‌ಗೆ ಮುಂಚಿನ ವರ್ಷಗಳಲ್ಲಿ ಕೊಲರಾಡೋ ಕನ್ವೆನ್ಷನ್ ಸೆಂಟರ್‌ನ ಮೇಳಕ್ಕೆ ಸುಮಾರು 60,000 ಜನ, 800 ಭಟ್ಟಿಗಳು, 4,000 ಬಿಯರ್ ಬರುತ್ತಿದ್ದವು. ಕೋವಿಡ್ ಆದಮೇಲೆ 2022ರಲ್ಲಿ ಮತ್ತೆ ಸಭಾಂಗಣ ತೆರೆದಾಗ ಗಾತ್ರ ಕಡಿಮೆಯಾಗಿತ್ತು. ಆದರೂ ಸುಮಾರು 500 ಭಟ್ಟಿ, 2,000 ಬಿಯರ್ ಅಂದರೆ ಸಣ್ಣದೇನಲ್ಲ.

ಈಗ ಲೆಕ್ಕ ಹಾಕೋಣ. ಅಲ್ಲಿ ಒಂದು ಸಲಕ್ಕೆ ಸುರಿಯೋದು ಒಂದು ಔನ್ಸ್, ಸುಮಾರು 30 ಮಿಲಿಲೀಟರ್. ನಮ್ಮ ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಎರಡು ಮೂರು ಸಲ ಅಳೆದಷ್ಟು. 1982ರ 47 ಬಿಯರನ್ನೂ ಈ ಅಳತೆಯಲ್ಲಿ ರುಚಿ ನೋಡಿದರೆ ಒಂದೂವರೆ ಲೀಟರಿಗೆ ಸ್ವಲ್ಪ ಕಡಿಮೆ. ಕಷ್ಟ, ಆದರೆ ಆಗದ್ದೇನಲ್ಲ. 4,000 ಬಿಯರ್ ಅಂದರೆ 120 ಲೀಟರ್! ಕುಡಿಯೋದಿರಲಿ, ಸ್ನಾನಕ್ಕೂ ಜಾಸ್ತಿ. ಹಾಗಾಗಿ ಮೊದಲ ಕಿವಿಮಾತು: ಎಲ್ಲ ನೋಡಿಬಿಡ್ತೀನಿ ಅನ್ನೋ ಆಸೆ ಬಾಗಿಲಲ್ಲೇ ಬಿಡಿ. ಒಂದು ಸರದಿಗೆ ಸಾಮಾನ್ಯವಾಗಿ ನಾಲ್ಕು, ನಾಲ್ಕೂವರೆ ಗಂಟೆ ಇರುತ್ತೆ. 25 ಬಿಯರ್ ಆರಿಸಿಕೊಳ್ಳಿ. 25 ಗುಟುಕು ಅಂದರೆ 750 ಮಿಲಿಲೀಟರ್. ನಮ್ಮಲ್ಲಿ ಸಿಗೋ 650 ಮಿಲಿಲೀಟರ್‌ನ ದೊಡ್ಡ ಬಾಟಲಿಗಿಂತ ಸ್ವಲ್ಪ ಜಾಸ್ತಿ, ಅದೂ ಇಡೀ ಸಂಜೆಗೆ. ಒಂದು ಗ್ಲಾಸಿನ ಅಭ್ಯಾಸದವರು ಹತ್ತು ಹನ್ನೆರಡಕ್ಕೆ ನಿಲ್ಲಿಸಿದರೂ ಏನೂ ನಷ್ಟವಿಲ್ಲ. 60 ಗುಟುಕು ಹಾಕಿದವರು ಎರಡು ಲೀಟರಿನ ಹತ್ತಿರ ಹೋಗಿರುತ್ತಾರೆ. ಅದರಲ್ಲಿ ಶೇಕಡಾ 10 ದಾಟಿದ ಸ್ಟೌಟ್‌ಗಳೂ ಸೇರಿರುತ್ತವೆ. ಒಂದೊಂದು ಲೋಟ ಚಿಕ್ಕದು ಅನ್ನೋದೇ ಇಲ್ಲಿನ ಮೋಸ.

ಎರಡನೆಯದು, ಪಟ್ಟಿ ಮಾಡೋ ರೀತಿ. ಹೆಸರುವಾಸಿ ಭಟ್ಟಿಗಳ ಮುಂದೆ ಬಾಗಿಲು ತೆರೆದ ಕೂಡಲೇ ದೊಡ್ಡ ಸಾಲು ಬೆಳೆಯುತ್ತೆ. ಅವರ ಬಿಯರ್ ಹೊರಗಿನ ಅಂಗಡಿಯಲ್ಲೂ ಸಿಗಬಹುದು. ನೀವು ಮಾತ್ರ ಹೆಸರೇ ಕೇಳದ ಊರಿನ ಭಟ್ಟಿಗಳನ್ನು ಮೊದಲು ಗುರುತು ಹಾಕಿಕೊಳ್ಳಿ. ಮೇಳ ಹುಟ್ಟಿದ್ದೇ ಅಂಥವರಿಗಾಗಿ. ಬಿಯರ್ ಸುರಿಯುವವರಲ್ಲಿ ಬಹಳಷ್ಟು ಜನ ಸ್ವಯಂಸೇವಕರು. ಮಾಡಿದವರೇ ನಿಂತಿರೋ ಮಳಿಗೆ ಯಾವುದು ಅಂತ ಕೇಳಿ ಅಲ್ಲಿಗೆ ಹೋಗಿ. ಎರಡು ನಿಮಿಷ ಮಾತಾಡಿಸಿ. ಆ ಎರಡು ನಿಮಿಷ ಹತ್ತು ಗುಟುಕಿಗಿಂತ ಹೆಚ್ಚು ಕಾಲ ನೆನಪಿರುತ್ತೆ.

ಮೂರನೆಯದು, ಯಾವ ದಿನ ಹೋಗಬೇಕು? ಇದಕ್ಕೂ ಒಂದು ಚರಿತ್ರೆ ಇದೆ. 1983ರಲ್ಲಿ ಬಂದ ಜನರಿಂದಲೇ ಮತ ಹಾಕಿಸಿ ಒಳ್ಳೆಯ ಬಿಯರ್ ಆರಿಸೋ ಪದ್ಧತಿ ಶುರುವಾಯಿತು. ಅದರಲ್ಲಿನ ತೊಂದರೆ ನಿಮಗೇ ಗೊತ್ತಾಗುತ್ತೆ. ನಲವತ್ತನೇ ಗುಟುಕಿನ ನಂತರ ಹಾಕಿದ ಮತಕ್ಕೆ ಏನು ಬೆಲೆ? 1987ರಿಂದ ನುರಿತ ತೀರ್ಪುಗಾರರು ಬಂದರು. ಭಟ್ಟಿಯ ಹೆಸರು ಮುಚ್ಚಿಟ್ಟು, ಬಗೆಬಗೆಗೆ ಬೇರೆ ಬೇರೆಯಾಗಿ ರುಚಿ ನೋಡಿ ಚಿನ್ನ, ಬೆಳ್ಳಿ, ಕಂಚು ಕೊಡುತ್ತಾರೆ. ಸಾಮಾನ್ಯವಾಗಿ ಪದಕ ಘೋಷಣೆ ಶನಿವಾರ ಬೆಳಗ್ಗೆ. ಅದಾದಮೇಲೆ ಗೆದ್ದವರ ಮುಂದೆ ನೂಕುನುಗ್ಗಲು. ನಿಧಾನವಾಗಿ ನೋಡಬೇಕು ಅನ್ನೋರಿಗೆ ಅದಕ್ಕಿಂತ ಮುಂಚಿನ ಸರದಿ ಒಳ್ಳೇದು.

ನಾಲ್ಕನೆಯದು, ಕುಡಿಯುವ ಕ್ರಮ. ಇಲ್ಲಿ ನಮ್ಮ ದೇಶದ ಹೆಸರೇ ಬರುತ್ತೆ. ಈ ಸ್ಪರ್ಧೆಯಲ್ಲಿ ಎರಡು ದಶಕಗಳಿಂದ ಅತಿ ಹೆಚ್ಚು ಪೈಪೋಟಿ ಇರೋದು ಐಪಿಎ ಬಗೆಗಳಲ್ಲಿ. ಐಪಿಎ ಅಂದರೆ ಇಂಡಿಯಾ ಪೇಲ್ ಏಲ್. 18ನೇ ಶತಮಾನದ ಕೊನೆಯಲ್ಲಿ ಲಂಡನ್ನಿನ ಹಾಡ್ಜ್‌ಸನ್ ಭಟ್ಟಿಯಿಂದ, ಆಮೇಲೆ ಬರ್ಟನ್ ಊರಿನಿಂದ ಹಡಗು ಹತ್ತಿ ಮದ್ರಾಸು, ಕಲ್ಕತ್ತ, ಬೊಂಬಾಯಿಗೆ ಬರುತ್ತಿದ್ದ ಬಿಯರ್ ಇದರ ಅಜ್ಜ. ಹಡಗಿನಲ್ಲಿ ಕೆಡದಿರಲಿ ಅಂತ ಹಾಡ್ಜ್‌ಸನ್ ಇದನ್ನು ಹೊಸದಾಗಿ ಕಂಡುಹಿಡಿದ ಅನ್ನೋದು ದಂತಕಥೆ. ಹಾಪ್ಸ್ ಹೂವು ಹೆಚ್ಚು ಹಾಕಿದ ಪೇಲ್ ಏಲ್ ಮೊದಲೇ ಇತ್ತು. ತಿಂಗಳುಗಟ್ಟಲೆ ಸಮುದ್ರಯಾನವನ್ನು ಅದು ಚೆನ್ನಾಗಿ ತಾಳಿತು, ಇಲ್ಲಿದ್ದ ಇಂಗ್ಲಿಷರಿಗೆ ಹಿಡಿಸಿತು. ಹೆಸರು ನಮ್ಮದು, ಕುಡಿದವರು ಅವರು. ಚೆನ್ನೈ, ಮುಂಬೈನಲ್ಲಿ ಕೂತು ಈ ಮಾತು ಕೇಳುತ್ತಿರೋರು ನಿಮ್ಮ ಬಂದರನ್ನು ಒಮ್ಮೆ ನೆನೆಸಿಕೊಳ್ಳಿ. ಡೆನ್ವರ್‌ನಲ್ಲಿ ಗಮನಿಸಬೇಕಾದ್ದು ಇಷ್ಟೇ: ಐಪಿಎ ಕಹಿ ನಾಲಗೆಯ ಮೇಲೆ ಕೂತುಬಿಡುತ್ತೆ. ಹಾಗಲಕಾಯಿ ಗೊಜ್ಜು ತಿಂದು ಪಾಯಸ ಸವಿಯೋಕಾಗಲ್ಲ ಅಲ್ವಾ? ತೆಳುವಾದ ಲಾಗರ್, ಗೋಧಿ ಬಿಯರ್ ಮೊದಲು. ಕಹಿಯವು ಆಮೇಲೆ. ಕಪ್ಪಗೆ ದಪ್ಪಗಿರೋ ಸ್ಟೌಟ್ ಕೊನೆಗೆ.

ಐದನೆಯದು, ದೇಹದ ಕಾಳಜಿ. ಡೆನ್ವರ್ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಹವೆ ಒಣ. ಮುಂಬೈ, ಚೆನ್ನೈನಂಥ ಕಡಲತೀರದಿಂದ ಹೋದವರಿಗೆ ಬರೀ ನಡೆದಾಡಿದರೂ ಬಾಯಾರಿಕೆ, ತಲೆನೋವು ಬರಬಹುದು. ಎರಡು ದಿನ ಮೊದಲೇ ಹೋಗಿ ಹೊಂದಿಕೊಳ್ಳಿ. ಪ್ರತಿ ಎರಡು ಮೂರು ಗುಟುಕಿಗೆ ನೀರು ಕುಡೀರಿ. ಹೊಟ್ಟೆ ತುಂಬ ಊಟ ಮಾಡಿ ಹೋಗಿ. ಅಲ್ಲಿ ಬಹಳ ಜನ ಪ್ರೆಟ್ಜೆಲ್ ಅನ್ನೋ ಉಪ್ಪಿನ ಬಿಸ್ಕತ್ತನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿರುತ್ತಾರೆ. ಹುಚ್ಚಾಟ ಅನ್ನಿಸಬಹುದು, ಆದರೆ ಕೈ ಖಾಲಿ, ಹೊಟ್ಟೆಗೆ ಆಧಾರ, ನಡುವೆ ಬಾಯಿಯ ರುಚಿಯೂ ತೊಳೆದಂತೆ. ನಮ್ಮವರು ಕೋಡುಬಳೆ ಪೋಣಿಸಿದರೂ ಆಗುತ್ತಿತ್ತು. ಹಿಡಿಸದ ಬಿಯರ್ ಚೆಲ್ಲೋಕೆ ಪಾತ್ರೆ ಇಟ್ಟಿರುತ್ತಾರೆ. ಅನ್ನ ಚೆಲ್ಲಬಾರದು ಅಂತ ಬೆಳೆದ ನಮಗೆ ಕೈ ಬರಲ್ಲ. ಇಲ್ಲಿ ಸಂಕೋಚ ಬೇಡ, ಚೆಲ್ಲಿ. ತೀರ್ಪುಗಾರರೂ ಪೂರ್ತಿ ಕುಡಿಯೋದಿಲ್ಲ. ಇನ್ನು ಯಾರದಾದರೂ ಲೋಟ ಕೆಳಗೆ ಬಿದ್ದರೆ ಇಡೀ ಸಭಾಂಗಣ "ಓ" ಅಂತ ಕೂಗುತ್ತೆ. ಬೆಚ್ಚಿಬೀಳಬೇಡಿ, ಅದು ಅಲ್ಲಿನ ಹಳೆಯ ಸಂಪ್ರದಾಯ.

ಕೊನೆಯದಾಗಿ ಹೋಗಿಬರೋ ವ್ಯವಸ್ಥೆ. 21 ವರ್ಷ ತುಂಬಿರಬೇಕು. ತಲೆ ನರೆತಿದ್ದರೂ ಗುರುತಿನ ಚೀಟಿ ಕೇಳುತ್ತಾರೆ, ಮೂಲ ಪಾಸ್‌ಪೋರ್ಟ್ ಜೊತೆಗಿರಲಿ. ಕಾರು ಬೇಡ. ವಿಮಾನ ನಿಲ್ದಾಣದಿಂದ ಯೂನಿಯನ್ ಸ್ಟೇಷನ್‌ಗೆ 2016ರಿಂದ ರೈಲಿದೆ, ಅಲ್ಲಿಂದ ಊರೊಳಗೆ ಉಚಿತ ಬಸ್ ಇದೆ. ಕುಡಿಯದೆ ಜೊತೆಗೆ ಬರುವ ಚಾಲಕರಿಗೆ ಕಡಿಮೆ ಬೆಲೆಯ ಬೇರೆ ಟಿಕೆಟ್ ಇರುತ್ತೆ, ಅವರಿಗೆ ತಂಪು ಪಾನೀಯ ಕೊಡುತ್ತಾರೆ. ಮೇಳದ ಏರ್ಪಾಟು ಈಚೆಗೆ ಬದಲಾಗುತ್ತಿರೋದರಿಂದ ಟಿಕೆಟ್ ಮೇಲಿನ ದಿನ, ಜಾಗ, ಸಮಯ ಸರಿಯಾಗಿ ಓದಿಕೊಳ್ಳಿ.

ಪುಣೆಯ ಸರ್, ನಿಮ್ಮ ಪ್ರಶ್ನೆಗೆ ಉತ್ತರ ಈಗ ನಿಮಗೇ ಸಿಕ್ಕಿರಬೇಕು. ಮರ್ಯಾದೆ ಹೋಗೋದು ಕಡಿಮೆ ಕುಡಿದವರದ್ದಲ್ಲ, ಅಲ್ಲಿಗೆ ಕುಡಿಯೋಕೇ ಬಂದಿದೀನಿ ಅಂದುಕೊಂಡವರದ್ದು. ಆ ಒಂದು ಔನ್ಸನ್ನು ಜಿಪುಣತನ ಅಂತ ತಿಳಿಯಬೇಡಿ. 24 ಭಟ್ಟಿ 800 ಆದರೂ, 800 ಜನ 60,000 ಆದರೂ, ಈ ಸಣ್ಣ ಅಳತೆ ಆ ಮೊದಲ ಮೇಳದ ಉದ್ದೇಶವನ್ನು ಹಿಡಿದಿಟ್ಟಿದೆ: ಪರಿಚಯಕ್ಕೆ ಒಂದು ಗುಟುಕು ಸಾಕು. ಹೊರಡೋ ಮುಂಚೆ ಅಭ್ಯಾಸ ಬೇಕಾದರೆ ದೂರ ಹೋಗಬೇಕಾಗಿಲ್ಲ. ನಿಮ್ಮ ಪುಣೆಯಲ್ಲೇ 2009ರಲ್ಲಿ ಡೂಲಾಲಿ ತನ್ನ ಪುಟ್ಟ ಭಟ್ಟಿ ತೆರೆದಿತ್ತು, ಮರುವರ್ಷ ಬೆಂಗಳೂರಿನಲ್ಲಿ ಟಾಯ್ಟ್ ಬಂತು. ನಿಮ್ಮ ಹತ್ತಿರದ ಯಾವುದಾದರೂ ಸಣ್ಣ ಭಟ್ಟಿಗೆ ಹೋಗಿ ಚಿಕ್ಕ ಲೋಟಗಳಲ್ಲಿ ನಾಲ್ಕು ಬಗೆ ರುಚಿ ನೋಡಿ, ಮಾಡಿದವರನ್ನು ಮಾತಾಡಿಸಿ.

ಅಷ್ಟೂ ಬೇಡ ಅನ್ನಿಸಿದರೆ ಆ ಚಾಲಕರ ಟಿಕೆಟ್ ಕೇಳಿ ತೆಗೆಸಿಕೊಳ್ಳಿ. ಅಳಿಯ ಕುಡಿದದ್ದನ್ನೆಲ್ಲ ನೀವು ಒಂದು ಪುಸ್ತಕದಲ್ಲಿ ಬರೆದಿಡಿ. ಮಾರನೇ ದಿನ ಬೆಳಗ್ಗೆ ತಿಂಡಿಗೆ ಕೂತಾಗ ಮೇಳದಲ್ಲಿ ಏನೇನಿತ್ತು ಅಂತ ಅವನು ನಿಮ್ಮನ್ನೇ ಕೇಳ್ತಾನೆ. ಹೋಗಿ ಬಂದು ನಮಗೂ ಬರೆಯಿರಿ.